ರಜಿಯಾಬಿ ಮತ್ತು ಬೀಜಗಣಿತದ ಯಂತ್ರ

ರಜಿಯಾಬಿಯವರನ್ನು ನಾನು ಮೊದಲು ಕಂಡದ್ದು ೧೯೭೫ರ ಮೇ ತಿಂಗಳಲ್ಲಿ, ಕುಂದಗೋಳದ ರೈಲು ನಿಲ್ದಾಣದಲ್ಲಿ. ಪ್ಯಾಸೆಂಜರ್ ಗಾಡಿಯಿಂದ ಅವರು ಮೊದಲು ಟ್ರಂಕು ಇಳಿಸಿದರು. ಬಳಿಕ, ಅಂಚಿನುದ್ದಕ್ಕೂ ತೂತುಗಳಿದ್ದ ಅಗಲವಾದ ಕಾಗದದ ಸುರುಳಿಯೊಂದನ್ನು ಎದೆಗವಚಿಕೊಂಡು ತಾವು ಇಳಿದರು. ಅವರ ತಂದೆ ಜಹೀರುದ್ದೀನ ಮಾಸ್ತರರು ನಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಬಿ.ಎಸ್ಸಿ. ಮುಗಿಸಿ ಹಿಂದಿನ ವರ್ಷವಷ್ಟೇ ಅಲ್ಲಿಗೆ ಸೇರಿದ್ದ ನಾನು ಅವರ ಜೊತೆಗೆ ಬಂದಿದ್ದೆ. ಮಾಸ್ತರರು ಮಗಳ ಕ್ಷೇಮ ಕೇಳುವ ಮೊದಲೇ ಲೆಕ್ಕ ತಂದಿರುವೆಯಾ ಎಂದು ಕೇಳಿದರು.

ಎಂ.ಎಸ್ಸಿ. ಆದ ಮೇಲೆ ರಜಿಯಾಬಿ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದರು. ಅಲ್ಲಿಯೇ ನೌಕರಿಯೂ ಸಿಕ್ಕಿತ್ತು. ತಂದೆಯ ಒಪ್ಪಿಗೆಯೊಂದೇ ಬಾಕಿ. ಅಲ್ಲಿನ ಗಣಕಯಂತ್ರ ಅಂಕಿಗಳನ್ನಷ್ಟೇ ಅಲ್ಲ, ಅಕ್ಷರಗಳನ್ನೂ ಕೂಡಿಸಿ ಗುಣಿಸುತ್ತಿತ್ತು. ಪುಟಗಟ್ಟಲೆ ಬೀಜಗಣಿತ ಮಾಡಿ ಬೇಸತ್ತ ಪರದೇಶದ ಭೌತವಿಜ್ಞಾನಿಗಳು ಅರವತ್ತರ ದಶಕದಲ್ಲಿ ಅದಕ್ಕೆಂದೇ ಬರೆದಿದ್ದ ಪ್ರೋಗ್ರಾಮು ಟೇಪಿನಲ್ಲಿ ಮುಂಬಯಿಗೂ ಬಂದಿತ್ತು. ಮಾಸ್ತರರು ಇದನ್ನು ನಂಬಿರಲಿಲ್ಲ. ನಂಬಿದರೂ ಅವರದೊಂದು ತಕರಾರು ಉಳಿಯುತ್ತಿತ್ತು: ಎಲ್ಲವನ್ನೂ ಯಂತ್ರವೇ ಮಾಡುವುದಾದರೆ ಮಗಳಿಗೆ ಅಲ್ಲೇನು ಕೆಲಸ? ಪರೀಕ್ಷಿಸೋಣವೆಂದು ಹತ್ತನೆಯ ಇಯತ್ತೆಯ ಲೆಕ್ಕವೊಂದನ್ನು ಕಳಿಸಿಕೊಟ್ಟಿದ್ದರು. ಅದೊಂದು ಭಿನ್ನರಾಶಿ: ಮೇಲೆ ಎಕ್ಸ್ ವರ್ಗದಿಂದ ವಾಯ್ ವರ್ಗ ಕಳೆಯಬೇಕು, ಕೆಳಗೆ ಎಕ್ಸ್ ಮತ್ತು ವಾಯ್ ಕೂಡಿಸಿ ವರ್ಗ ಮಾಡಬೇಕು, ಕೊನೆಗೆ ಎರಡರಲ್ಲೂ ಇರುವುದನ್ನು ಹೊಡೆದು ಉತ್ತರ ಚಿಕ್ಕದು ಮಾಡಬೇಕು.

ಮನೆಗೆ ಬಂದವರೇ ಮಾಸ್ತರರು ಹೊರಸಿನ ಮೇಲೆ ಯಂತ್ರದ ಉತ್ತರ ಅಚ್ಚಾಗಿದ್ದ ಆ ಕಾಗದ ಹಾಸಿ ಕೆಂಪು ಪೆನ್ಸಿಲು ಹಿಡಿದರು. ಯಂತ್ರ ಕೆಳಗಿನ ವರ್ಗವನ್ನು ಬಿಡಿಸಿ ಬರೆದು ಅಷ್ಟಕ್ಕೇ ಬಿಟ್ಟಿತ್ತು. ಮಾಸ್ತರರಿಗೆ ನಗು ತಡೆಯಲಾಗಲಿಲ್ಲ.

"ಮ್ಯಾಲಿಂದು ಕೆಳಗಿಂದು ಹೊಡದ ಇಲ್ಲ. ಅಗದಿ ನಮ್ಮ ಹಿಂದಿನ ಬೆಂಚಿನ ಹುಡುಗರ ಹಂಗ. ಅರ್ಧಾ ಮಾರ್ಕು."

"ಅಷ್ಟು ದೂರದಿಂದ ಬಂದೈತಿ, ಪಾಸರೆ ಮಾಡ್ರಿ," ಎಂದರು ಚಹಾ ತಂದ ರಜಿಯಾಬಿಯ ತಾಯಿ ಖಾಸಿಂಬಿ.

ರಜಿಯಾಬಿ ಇನ್ನೊಂದು ಹಾಳೆ ಬಿಡಿಸಿದರು. ಅದೇ ಲೆಕ್ಕಕ್ಕೆ ಯಂತ್ರ ಓದುವ ತೂತು ಕಾರ್ಡಿನಲ್ಲಿ ಆಜ್ಞೆಯೊಂದನ್ನು ಹೆಚ್ಚಿಗೆ ಸೇರಿಸಿ ಮತ್ತೆ ಓಡಿಸಿದ್ದರು. ಈ ಸಲ ಸಾಮಾನ್ಯ ಅಪವರ್ತನ ಹೋಗಿ ಚಿಕ್ಕ ಉತ್ತರ ಬಂದಿತ್ತು.

"ಹುಡುಕು ಅಂದ್ರ ಹುಡುಕತೈತಿ ಅಬ್ಬಾ. ಎಲ್ಲಾ ಕಡೆ ಹುಡುಕಾಕ ಹಚ್ಚಿದ್ರ ಭಾಳ ಹೊತ್ತು ಹಿಡೀತೈತಿ. ಎಲ್ಲೆ ಹುಡುಕಬೇಕು, ಎಲ್ಲೆ ಬ್ಯಾಡ ಅಂತ ಹೇಳಾಕ ಒಬ್ಬರು ಬೇಕು."

ಮಾಸ್ತರರು ಎರಡೂ ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ಸಾಲುಸಾಲಾಗಿ ತಾಳೆ ನೋಡಿದರು.

"ಅಂದ್ರ ಇದಕ್ಕೂ ಮಾಸ್ತರು ಬೇಕು ಅನ್ನು."

"ಹೌದು."

"ಹಂಗಾದ್ರ ಹೋಗು. ಲಾಡ ಮಾಡಿ, ಸಲಿಗಿ ಕೊಟ್ಟು ಕೆಡಿಸಬ್ಯಾಡ ಅದನ್ನ."

ಜೂನ್ ತಿಂಗಳಲ್ಲಿ ಅವರು ಹೊರಟಾಗ ಮಾಸ್ತರರು ತಾವೇ ಟ್ರಂಕು ಹೊತ್ತು ಗಾಡಿಗೆ ಏರಿಸಿದರು.

ಇದಾಗಿ ನಾಲ್ಕು ವರ್ಷವಾಯಿತು; ರಜಿಯಾಬಿ ಈಗಲೂ ಆ ಸಂಸ್ಥೆಯಲ್ಲಿದ್ದಾರೆ. ವಿಜ್ಞಾನಿಗಳು ತರುವ ಸಮೀಕರಣಗಳನ್ನು ಕಾರ್ಡಿಗಿಳಿಸಿ ಯಂತ್ರಕ್ಕೆ ಕೊಡುತ್ತಾರೆ, ಹೊಸದಾಗಿ ಸೇರಿದವರಿಗೆ ಆ ಕೆಲಸ ಕಲಿಸುತ್ತಾರೆ.