ನಮ್ಮ ಬಸ್ಸಿನ ಚೀಲಗಳು

ಶಿರಸಿಯಿಂದ ವಾನಳ್ಳಿ ಕಡೆಯ ನಮ್ಮ ಊರಿಗೆ ಬರುವ ಸಂಜೆಯ ಬಸ್ಸು ಇನ್ನು ಕ್ರಾಸಿನವರೆಗಷ್ಟೇ ಎಂಬ ಸುದ್ದಿ ಬಂದಾಗ, ಎಲ್ಲರಿಗಿಂತ ಜೋರಾಗಿ ಕೂಗಾಡಿದವಳು ನಾನೇ. ಅದು ನಮ್ಮ ಬಸ್ಸು! ಅದರ ಹಾರ್ನ್ ಕೇಳಿದ ಮೇಲೆಯೇ ನಮ್ಮತ್ತೆ, "ಬಸ್ ಬಂತು, ಆಸ್ರಿಗೆ ಇಡೇ" ಎಂದು ಚಹಾ ಕೇಳುವುದು.

ನಿಜಕ್ಕೂ ಆ ಬಸ್ಸನ್ನೇ ನಂಬಿದ್ದವಳು ಆಚೆಮನೆಯ ಹುಡುಗಿ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಅವಳಿಗೆ ಕೆಲಸ. ಕ್ರಾಸಿನಿಂದ ಊರಿಗೆ ಕಾಡಿನ ದಾರಿ. ಕತ್ತಲಲ್ಲಿ ಒಬ್ಬಳೇ ನಡೆಯಬೇಕು. ಅವಳನ್ನೂ ಕರೆದುಕೊಂಡು, ಕಾರುಗಳಲ್ಲಿ ತುಂಬಿಕೊಂಡು ನಾವೆಲ್ಲ ಡಿಪೋಗೆ ಹೋದೆವು.

ಅಲ್ಲಿಯ ಅಧಿಕಾರಿ ಹಾವೇರಿ ಕಡೆಯವರು. "ಬರ್ರಿ, ಕುಂದರ್ರಿ" ಎಂದರು. ನಾನು ಶುರು ಹಚ್ಚಿಕೊಂಡೆ. ಬಸ್ಸಿಲ್ಲದಿದ್ದರೆ ಅತ್ತೆಯ ಬಿಪಿ ಮಾತ್ರೆ ಬರುವುದು ಹೇಗೆ? ರಿಪೇರಿಗೆ ಕೊಟ್ಟ ಮಿಕ್ಸಿ ಜಾರು? ಪೂಜೆಯ ಹೂವು? ಅಂಗಡಿಯವರು ಕೊಟ್ಟ ಚೀಲಗಳನ್ನೆಲ್ಲ ಡ್ರೈವರ್ ಪಕ್ಕದಲ್ಲಿಟ್ಟು ತಂದುಕೊಡುವವರು ಕಂಡಕ್ಟರೇ, ಒಂದು ದಿನವೂ ದುಡ್ಡು ಕೇಳಿದವರಲ್ಲ! "ಬೇಕಾದ್ರೆ ಟಿಕೆಟ್ ದರ ಏರ್ಸಿ, ಕೊಡ್ತೇವೆ" ಎಂದೂ ಸೇರಿಸಿದೆ.

"ಹೆಣ್ಮಕ್ಕಳಿಗೆ ಟಿಕೆಟ್ ಪುಕ್ಕಟನ ಐತಲ್ರೀ ಅಕ್ಕಾರ, ನಿಮಗೇನ್ ಏರಿಸೂದು? ಅದಿರ್ಲಿ, ನೀವು ಕಡೀಕ ಬಸ್ ಹತ್ತಿದ್ದು ಯಾವಾಗ?"

ನೆನಪಾಗಲಿಲ್ಲ. ಪುಕ್ಕಟೆಯಾದ ಮೇಲೂ ಹತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಕಾರಿನ ಕೀಲಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

"ಅಂದ್ರ ನಿಮ್ಮೂರಿಗೆ ಚೀಲ ಓಡಾಡ್ತಾವ, ಮಂದಿ ಅಲ್ಲ. " ಅವರು ಹುಡುಗಿಯತ್ತ ಕೈ ತೋರಿಸಿದರು. "ದಿನಾ ಹತ್ತೂ ಇವರೊಬ್ಬರ ಸಲುವಾಗಿ ಹ್ಯಾಂಗ್ ಬಿಡೂದ್ರೀ?"

ತಪ್ಪು ತನ್ನದೇ ಎಂಬಂತೆ ಹುಡುಗಿ ತಲೆ ತಗ್ಗಿಸಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಸ್ಸು ಕ್ರಾಸಿಗೇ ನಿಂತ ಮೊದಲ ಸಂಜೆ ಔಷಧಿ ಅಂಗಡಿಯವರ ಫೋನು ಬಂತು. "ಮಾತ್ರೆ ಯಾರ ಹತ್ರ ಕಳಿಸ್ಲಿ ಅಕ್ಕಾ? ನಿಮ್ಮೂರ ಹುಡುಗಿ ಇಲ್ಲೇ ಹೋಗ್ತಾ ಇದ್ದಾಳೆ."

"ಹಾಂ, ಅವ್ಳ ಹತ್ರವೇ ಕೊಟ್ಬಿಡಿ" ಎಂದುಬಿಟ್ಟೆ. 'ಬಸ್ಸಿಗೆ ಕೊಟ್ಬಿಡಿ' ಎಂದು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿ.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಅವಳು ಮೊಬೈಲಿನ ಬೆಳಕು ಹಿಡಿದು ಬಂದಳು. ಮೈಯೆಲ್ಲ ಬೆವರು. ಮಾತ್ರೆಯ ಪೊಟ್ಟಣ ನನ್ನ ಕೈಗಿಟ್ಟು, "ತಡ ಆಯ್ತು ಅಕ್ಕಾ" ಎಂದು ಅವಳೇ ಸಂಕೋಚಪಟ್ಟಳು. ಆಮೇಲೆ ಅಂಗಳದಲ್ಲಿ ನಿಂತಿದ್ದ ನಮ್ಮ ಕಾರನ್ನು ಸುತ್ತಿಕೊಂಡು ತನ್ನ ಮನೆಯತ್ತ ನಡೆದಳು.

ಪೊಟ್ಟಣದ ಸದ್ದು ಕೇಳಿ ಒಳಗಿನಿಂದ ಅತ್ತೆ ಕೂಗಿದರು: "ಬಸ್ ಬಂತನೇ?"