ಟೆನ್ಷನ್ ಮಾಡ್ಕೋಬೇಡಿ ಅಂದವರಿಗೆ

ಓಣಿಯ ಮಕ್ಕಳು ಆಕೆಯನ್ನು ಫೋನಕ್ಕ ಎಂದು ಕರೆಯುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ದೂರು ಕೇಳಿಸಿಕೊಂಡವಳು. ನಲ್ಲಿಯಲ್ಲಿ ನೀರು ಬಾರದೆ ರೇಗಾಡುವವರು ಕೂಡ ಆಕೆಯ ದನಿ ಕೇಳಿದರೆ ಅರ್ಧ ತಣ್ಣಗಾಗುತ್ತಿದ್ದರು. ಆ ದನಿಯ ಹಿಂದಿನ ಮೈಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮೂವತ್ತರಿಂದಲೇ ಆಕೆಗೆ ಸೋರಿಯಾಸಿಸ್. ಮೊಣಕೈ, ಮೊಣಕಾಲು, ಕಿವಿಯ ಹಿಂದೆ ಕೆಂಪು ಚಕ್ಕೆಗಳು ಏಳುತ್ತಿದ್ದವು, ಬೆಳ್ಳನೆಯ ಹೊಟ್ಟು ಉದುರುತ್ತಿತ್ತು. ಮೂರು ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಗೆ ಹೋಗಿ ಮುಲಾಮು, ಮಾತ್ರೆ ತಂದು ಅದನ್ನು ಹದ್ದುಬಸ್ತಿನಲ್ಲಿಟ್ಟಿದ್ದಳು. ಉದ್ದ ತೋಳಿನ ರವಿಕೆ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು.

ಸಾಂಕ್ರಾಮಿಕ ಶುರುವಾದ ಎರಡನೇ ವಾರ ಆಕೆಯನ್ನು ಸಹಾಯವಾಣಿಗೆ ಹಾಕಿದರು. ಒಂದು ದೊಡ್ಡ ಹಾಲ್, ಎಂಟು ಮೇಜು, ಎಂಟು ಫೋನು. ಹೇಳಬೇಕಾದ ಮಾತುಗಳ ಹಾಳೆಯನ್ನು ಗೋಡೆಗೆ ಅಂಟಿಸಿದ್ದರು. "ಗಾಬರಿ ಆಗಬೇಡಿ" ಎನ್ನುವುದು ಮೊದಲ ಸಾಲು. ಉಸಿರು ಸಿಕ್ಕದ ಗಂಡನನ್ನು ಆಟೋದಲ್ಲಿ ಕೂರಿಸಿಕೊಂಡು ಹಾಸಿಗೆ ಎಲ್ಲಿದೆ ಎಂದು ಕೇಳುವ ಹೆಂಗಸಿಗೂ ಅದನ್ನೇ ಹೇಳಬೇಕು. ಹಾಸಿಗೆ ಇಲ್ಲ ಎಂದು ಫೋನಕ್ಕನಿಗೆ ಗೊತ್ತಿರುತ್ತಿತ್ತು.

ಅದೇ ವಾರ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗ ಜ್ವರದ ವಾರ್ಡಾಯಿತು. ಚೀಟಿ ಹಿಡಿದು ಹೋದವಳನ್ನು ಗೇಟಿನ ಕಾವಲುಗಾರ ಅಲ್ಲೇ ತಡೆದ. "ತುರಿಕೆಗೆಲ್ಲ ಈಗ ಬರ್ತಾರೇನಮ್ಮ? ಹೋಗಿ ಹೋಗಿ."

ಮಾತ್ರೆ ಮುಗಿಯಿತು. ಗಂಟೆಗೊಮ್ಮೆ ಸ್ಯಾನಿಟೈಸರ್ ಸುರಿದುಕೊಂಡು ಅಂಗೈ ಬಿರಿಯಿತು. ಫೋನಿನ ಆಚೆ ಯಾರಾದರೂ ಸತ್ತ ದಿನ ಬೆನ್ನಿನ ಮೇಲೆ ಬೆಂಕಿ ಇಟ್ಟಂತಾಗುತ್ತಿತ್ತು. ಚಕ್ಕೆಗಳು ಕತ್ತಿಗೆ ಹತ್ತಿ, ಕೆನ್ನೆಗೆ ಬಂದವು. ಮನೆಯಲ್ಲಿ ಅತ್ತೆಯದು ಒಂದೇ ಮಾತು: "ಎಲ್ಲಾನೂ ತಲೆಗೆ ಹಚ್ಕೋತೀಯ ಕಣಮ್ಮ, ಅದಕ್ಕೇ ಹಿಂಗಾಗೋದು."

"ತಲೆಗೆ ಹಚ್ಕೊಳ್ಳೋದು ಬಿಡ್ತೀನಿ ಅತ್ತೆ, ಮೈಗೆ ಹಚ್ಕೊಳ್ಳೋಕೆ ಮುಲಾಮು ಎಲ್ಲಿ ಸಿಗುತ್ತೆ ಹೇಳಿ" ಎಂದಳು.

ಒಂದು ಬೆಳಗ್ಗೆ ಸಹಾಯವಾಣಿಯ ಅಧಿಕಾರಿ ಆಕೆಯ ಮೇಜಿನಿಂದ ಎರಡು ಮಾರು ದೂರ ನಿಂತು ಹೇಳಿದ, "ನೀವು ಇವತ್ತಿಂದ ಕೆಳಗೆ ಸ್ಟೋರ್ ರೂಮಲ್ಲಿ ಕೂತ್ಕೊಳ್ಳಿ. ಲೈನ್ ಎಳೆಸಿದೀನಿ."

"ಯಾಕೆ ಸಾರ್?"

"ಪಕ್ಕದ ಮೇಜಿನವರು ದೂರು ಕೊಟ್ಟಿದಾರೆ. ಭಯ ಅಂತೆ."

"ಇದು ಅಂಟೋ ರೋಗ ಅಲ್ಲ ಸಾರ್."

"ನನಗೆ ಗೊತ್ತಮ್ಮ. ಅವರಿಗೆ ಗೊತ್ತಿಲ್ವಲ್ಲ."

"ಗೊತ್ತಿಲ್ಲದೋರಿಗೆ ಹೇಳೋದು ಬಿಟ್ಟು ನನ್ನ ಎಬ್ಬಿಸ್ತೀರಾ?"

"ಟೆನ್ಷನ್ ಮಾಡ್ಕೋಬೇಡಿ. ಅದರಿಂದಾನೇ ಜಾಸ್ತಿ ಆಗೋದು."

ಫೋನಕ್ಕ ಕೆಳಗಿಳಿದಳು. ಕಾಲು ಮುರಿದ ಕುರ್ಚಿಗಳು, ತಿರುಗದ ಫ್ಯಾನುಗಳ ನಡುವೆ ಮೇಜು ಹಾಕಿದ್ದರು. ಆ ಹೊತ್ತಿಗೆ ತಾನು ತೆಪ್ಪಗೆ ಇಳಿದು ಬಂದದ್ದಕ್ಕೆ ಆಕೆಗೆ ಅಧಿಕಾರಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂದಿತ್ತು.

ಮೂರನೇ ದಿನ ಒಬ್ಬ ಹುಡುಗಿಯ ಕರೆ ಬಂತು. "ಮೇಡಂ, ಇದು ಜ್ವರದ ವಿಷಯ ಅಲ್ಲ, ಬೈಬೇಡಿ. ಅಪ್ಪ ಹೋಗಿ ಹದಿನೈದು ದಿನ ಆಯ್ತು. ಮುಖ ನೋಡೋಕೂ ಬಿಡಲಿಲ್ಲ. ಆಮೇಲಿಂದ ನನ್ನ ಹಳೇ ಎಗ್ಜಿಮಾ ತುರಿಕೆ ಮೈಯೆಲ್ಲ ಎದ್ದಿದೆ. ಮನೇಲಿ ನನ್ನ ತಟ್ಟೆ ಬೇರೆ ಇಟ್ಟಿದಾರೆ."

ಇಂಥ ಕರೆಯನ್ನು ಕತ್ತರಿಸಬೇಕೆಂಬ ನಿಯಮವಿತ್ತು. ಗಾಬರಿ ಆಗಬೇಡಿ ಎನ್ನಲು ಬಾಯಿ ತೆರೆದವಳು ಆ ಸಾಲನ್ನು ಬಿಟ್ಟಳು. "ಅಳು ಬಂದ್ರೆ ಅಳಮ್ಮ" ಎಂದಳು. "ಬೈಬೇಕು ಅನ್ನಿಸಿದ್ರೆ ಬೈಯಿ. ನಿನ್ನ ತಪ್ಪು ಅಂತ ಮಾತ್ರ ಅಂದ್ಕೋಬೇಡ. ನನಗೂ ಇಂಥದ್ದೇ ಇದೆ." ಆಚೆ ಕಡೆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಫೋನಕ್ಕ ಅವಳ ನಂಬರು ಬರೆದುಕೊಂಡಳು.

ಆಮೇಲೆ ಚರ್ಮದ ಕರೆ ಬಂದಾಗಲೆಲ್ಲ ಬರೆಯುತ್ತಾ ಹೋದಳು. ಮೇಲಿನ ಹಾಲ್‌ನವರಿಗೂ ಅಂಥ ಕರೆ ಬಂದರೆ ಕೆಳಕ್ಕೆ ಕಳಿಸಿ ಎಂದಳು. ಒಂಬತ್ತು ದಿನದಲ್ಲಿ ಅರವತ್ತೊಂದು ಜನ. ಆ ಪಟ್ಟಿ ಹಿಡಿದು, ಎಲ್ಲರೂ ಕೆಲಸದಲ್ಲಿದ್ದಾಗಲೇ ಹಾಲ್‌ಗೆ ನುಗ್ಗಿದಳು.

"ಚರ್ಮದ ಡಾಕ್ಟರನ್ನ ದೊಡ್ಡಾಸ್ಪತ್ರೆ ಗೇಟಲ್ಲಿ ಜ್ವರ ನೋಡೋಕೆ ನಿಲ್ಲಿಸಿದೀರಿ. ದಿನಕ್ಕೊಂದು ಗಂಟೆ ಅವರನ್ನ ಫೋನಿಗೆ ಕೂರಿಸಿ."

ಅಧಿಕಾರಿ ತಲೆ ಎತ್ತಲಿಲ್ಲ. "ಜನ ಸಾಯ್ತಿರುವಾಗ ಚರ್ಮದ ಮಾತಾ?"

"ಸಾಯದೇ ಇರೋರೂ ಬದುಕಬೇಕಲ್ಲ ಸಾರ್!" ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ದನಿ ಅದು. ರವಿಕೆಯ ಎರಡೂ ತೋಳು ಮೇಲೆ ಸರಿಸಿ ಕೈ ಮುಂದೆ ಚಾಚಿದಳು. "ಎಲ್ಲಾರೂ ಸರಿಯಾಗಿ ನೋಡ್ಕೊಳ್ಳಿ. ನಾಳೆಯಿಂದ ನಾನು ನನ್ನ ಮೇಜಲ್ಲೇ ಕೂರೋದು. ಎಬ್ಬಿಸೋರು ಬಂದು ಕೈ ಹಿಡಿದು ಎಬ್ಬಿಸಿ. ಮುಟ್ಟೋ ಧೈರ್ಯ ಇದ್ರೆ!"

ಯಾರೂ ಮುಟ್ಟಲಿಲ್ಲ. ಹಾಲ್‌ನಲ್ಲಿ ಫೋನುಗಳು ಬಡಿದುಕೊಳ್ಳುತ್ತಿದ್ದವು.

ಅಧಿಕಾರಿ ಒಂದು ವಾರ ಸತಾಯಿಸಿದ. ಕೊನೆಗೆ ಚರ್ಮದ ವೈದ್ಯೆ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಫೋನಿಗೆ ಬಂದರು. ಔಷಧಿ ಗಾಡಿಯಲ್ಲಿ ಮನೆಮನೆಗೆ ಮುಲಾಮು ಹೋಯಿತು. ಆ ಹುಡುಗಿಯ ಮನೆಗೆ ವೈದ್ಯೆಯೇ ಫೋನ್ ಮಾಡಿ, ತಟ್ಟೆ ಬೇರೆ ಇಟ್ಟವರನ್ನು ತರಾಟೆಗೆ ತೆಗೆದುಕೊಂಡರು. ರಕ್ತಪರೀಕ್ಷೆಯಾಗಿ ಫೋನಕ್ಕನಿಗೂ ಮಾತ್ರೆ ಸಿಕ್ಕಿತು. ಕೆನ್ನೆ ತಿಳಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಬೆನ್ನು ಇಂದಿಗೂ ಪೂರ್ತಿ ತಿಳಿಯಾಗಿಲ್ಲ.

ದೂರು ಕೊಟ್ಟಿದ್ದ ಪಕ್ಕದ ಮೇಜಿನ ಹೆಂಗಸು ಒಂದು ದಿನ ಹತ್ತಿರ ಬಂದಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ಭಯದಲ್ಲಿ ಹೇಳಿಬಿಟ್ಟೆ."

"ಭಯ ನನಗೂ ಇತ್ತು. ಹಾಗಂತ ನಾನು ಯಾರನ್ನೂ ಎಬ್ಬಿಸಿ ಕಳಿಸಲಿಲ್ಲ" ಎಂದಳು ಫೋನಕ್ಕ. "ಬೇಜಾರು ಆಗಿದೆ. ಇರುತ್ತೆ."

ಹೆಂಗಸು ಇನ್ನೂ ಏನೋ ಹೇಳಲು ನಿಂತಿದ್ದಳು. ಫೋನಕ್ಕ ಮುಂದಿನ ಕರೆ ಎತ್ತಿಕೊಂಡಳು.