ಕಸರತ್ತಿನ ಬಾಯಾರು

ವರ್ಷಗಟ್ಟಲೆ ಮಂದಿಯ ಬೆನ್ನು, ಭುಜ ಒತ್ತಿ ಒತ್ತಿ ಬಾಯಾರ ಹೆಬ್ಬೆರಳುಗಳು ಹಿಂದಕ್ಕೆ ಬಾಗಿದ್ದವು. ಹುಮನಾಬಾದಿನಲ್ಲಿ ಫಿಜಿಯೋಥೆರಪಿ ಮಾಡುವ ಅವರನ್ನು ಎಲ್ಲರೂ, ಟೀಚರಮ್ಮನನ್ನು ಕರೆದ ಹಾಗೆ, ಕಸರತ್ತಿನ ಬಾಯಾರು ಎನ್ನುತ್ತಾರೆ. ನನ್ನ ತಲೆಯನ್ನು ಅವರಷ್ಟು ತಿಂದವರು ಇನ್ನೊಬ್ಬರಿಲ್ಲ.

ಬಸವಕಲ್ಯಾಣದಲ್ಲಿ ನಾನು ಜೋಳದ ರೊಟ್ಟಿ ಮಾಡಿ ಮಾರುತ್ತೇನೆ. ಬಲಭುಜ ಬಿಗಿದುಕೊಂಡ ಮೇಲೆ ರೊಟ್ಟಿ ಬಡಿಯುವುದು ಹಾಗಿರಲಿ, ಹೆರಳು ಹಾಕಿಕೊಳ್ಳಲೂ ಮಗಳನ್ನು ಕರೆಯಬೇಕಾಯಿತು. ನೋವಿಗೆ ಮದ್ದು ಕೇಳಲು ಹೋದರೆ ಬಾಯಾರು ನನ್ನನ್ನು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರದ ಮುಂದೆ ನಿಲ್ಲಿಸಿದರು. ತಲೆಬುರುಡೆಯ ಎಲುಬುಗಳು ಹೊಲಿದಂತೆ ಕೂಡಿವೆ, ಅಲುಗುವುದಿಲ್ಲವಂತೆ. ಬೆನ್ನಿನವು ಅಷ್ಟಿಷ್ಟು ಬಾಗುತ್ತವಂತೆ. ಮೊಣಕೈ, ಮೊಣಕಾಲು ಬಾಗಿಲ ಬಿಜಾಗರಿಯ ಹಾಗೆ ಒಂದೇ ಕಡೆಗೆ ಮಡಚಿಕೊಳ್ಳುತ್ತವೆ. ಭುಜ ಮತ್ತು ತೊಡೆಯ ಬುಡ ಮಾತ್ರ ಬಟ್ಟಲಲ್ಲಿ ಕೂತ ಗುಂಡಿನ ಹಾಗೆ, ಎಲ್ಲ ಕಡೆಗೂ ತಿರುಗುತ್ತವೆ.

"ಬಾಯಾರ, ನಾ ಏನ್ ಪರೀಕ್ಷಾ ಬರೀಬೇಕಾಗಿಲ್ರಿ. ನೋವು ಕಡಿಮಿ ಮಾಡ್ರಿ," ಎಂದೆ.

"ಎಲ್ಲಾ ಕಡಿ ತಿರಗೋ ಕೀಲಿಗಿ ನೀವು ಬಿಜಾಗ್ರಿ ಮಾಡಿಟ್ಟೀರಿ. ಅದು ಎಲ್ಲೆಲ್ಲಿ ಹೋಗಬೇಕಂತ ತಿಳೀಲಾರದೆ ಹ್ಯಾಂಗ ಬಿಡಿಸ್ತೀರಿ?"

ಮನೆಯಲ್ಲಿ ದಿನವೂ ಗೋಡೆಯ ಮೇಲೆ ಬೆರಳನ್ನು ಮೇಲಕ್ಕೆ ನಡೆಸಿ, ಮುಟ್ಟಿದಷ್ಟಕ್ಕೆ ಚಾಕ್‌ಪೀಸಿನ ಗೆರೆ ಎಳೆಯಬೇಕು. ಸರಿಯಾಗಿ ನಾನು ಎಡಗೈಯಲ್ಲಿ ಹಿಟ್ಟು ನಾದಿ, ಬಡಿಯಲು ಮಗಳಿಗೆ ಕೊಡುವ ಹೊತ್ತಿಗೇ ಫೋನು ಮಾಡಿ ವಿಚಾರಿಸುವರು. ಒಮ್ಮೆ ಹುಮನಾಬಾದಿಗೆ ಹೋದಾಗ ಮಾಡದೆಯೇ ಮಾಡಿದೆ ಎಂದೆ. ಅವರು ನನ್ನ ಕೈಯನ್ನು ಅರ್ಧ ತಿರುಗಿಸಿ ನೋಡಿ, ಮಾಡಿಕೊಂಡೇ ಬರ್ರಿ ಎಂದು ಹಾಗೇ ವಾಪಸು ಕಳಿಸಿದರು. ಅರ್ಧ ದಿನದ ಕೆಲಸ, ಬಸ್ಸಿನ ನೂಕುನುಗ್ಗಲು, ಎಲ್ಲ ದಂಡ. ಆ ಸಿಟ್ಟಿಗೆ ಹುಲಸೂರಿನ ಕಡೆಯ ಒಬ್ಬ ಮಾಲೀಶಿನವನ ಬಳಿ ಹೋದೆ. ಅವನು ಕೈ ಹಿಡಿದು ಒಂದೇ ಸಲ ಜಗ್ಗಿದ. ಎರಡು ದಿನ ತುತ್ತು ಬಾಯಿಗೆ ಇಡಲಾಗಲಿಲ್ಲ.

ತಲೆ ತಗ್ಗಿಸಿ ಬಾಯಾರ ಬಳಿಗೇ ಮರಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಮೊಣಕೈಯ ಕೆಳಗೆ ತಮ್ಮ ಅಂಗೈ ಇಟ್ಟು, ಕೈ ಹೋದಷ್ಟು ಮಾತ್ರ ಮೆಲ್ಲಗೆ ಎತ್ತಿದರು.

"ಜುಲುಮಿ ಮಾಡಿದ್ರ ಕೀಲು ಇನ್ನಾ ಬಿಗಿತದ್ರಿ. ದಿನಾ ಒಂದೀಟು ಕೇಳ್ರಿ, ಕೊಡ್ತದ."

ಐದು ತಿಂಗಳು ಕೇಳಿದೆ. ಚಾಕ್‌ಪೀಸಿನ ಗೆರೆ ಲೈಟಿನ ಸ್ವಿಚ್ಚು ದಾಟಿ ಮೇಲೇರಿತು. ಮತ್ತೆ ರೊಟ್ಟಿ ಬಡಿದ ದಿನ ಒಂದು ಗಂಟು ರೊಟ್ಟಿ ಕಟ್ಟಿಕೊಂಡು ಹುಮನಾಬಾದಿಗೆ ಹೋದೆ. ಬಾಯಾರು ಗಂಟನ್ನು ಪಕ್ಕಕ್ಕಿಟ್ಟು, ನನ್ನ ಕೈ ಎತ್ತಿಸಿ ನೋಡಿ, ಇನ್ನೂ ಎರಡು ಬೆರಳು ಕಮ್ಮಿ ಅದ, ಬಿಡಬ್ಯಾಡ್ರಿ ಎಂದರು. ಶಾಬಾಸ್ ಎನ್ನುವ ಒಂದು ಮಾತಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಎಂಥ ಹೆಂಗಸಿವಳು ಎಂದು ದಾರಿಯುದ್ದಕ್ಕೂ ಗೊಣಗುತ್ತ ನಿಂತಿದ್ದೆ. ಬಸವಕಲ್ಯಾಣ ಬಂತು, ಇಳಿಯಬೇಕೆಂದು ಮೇಲೆ ನೋಡಿದೆ. ಅಷ್ಟು ದೂರವೂ ತಲೆಯ ಮೇಲಿನ ಸರಳು ಹಿಡಿದು ನಿಂತದ್ದು ನನ್ನ ಬಲಗೈ.